ಟ್ಯಾಂಕರ್ ಮೇಲಿನ ‘ಇನ್‌ಫ್ಲೇಮಬಲ್’: ಆ ‘ಇನ್’ ಅಲ್ಲಿ ಏನು ಮಾಡುತ್ತಿದೆ?

ಶಿರಾಗೇಟ್ ಅಪ್ಪ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ತುಮಕೂರಿನಿಂದ ಬೆಂಗಳೂರಿಗೆ ಬರುವಾಗ ನೆಲಮಂಗಲದ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆವು. ಮುಂದೆ ಒಂದು ಪೆಟ್ರೋಲ್ ಟ್ಯಾಂಕರ್. ಹಿಂದೆ ದಪ್ಪ ಅಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿತ್ತು. ಏಳನೇ ಕ್ಲಾಸಿನ ಮಗಳು ಅದನ್ನು ಓದಿ, “ಅಪ್ಪ, ಇದಕ್ಕೆ ಬೆಂಕಿ ಹತ್ತುವುದೇ ಇಲ್ಲ ಅಂತ ಅಲ್ವಾ? ಮುಂದೆ ಇನ್ ಬಂದರೆ ಉಲ್ಟಾ ಅರ್ಥ ಅಂತ ಮಿಸ್ ಹೇಳಿದ್ದಾರೆ” ಅಂದಳು.

ಇಪ್ಪತ್ತು ವರ್ಷದಿಂದ ಅದೇ ಬೋರ್ಡ್ ನೋಡುತ್ತಾ ಬಂದಿದ್ದೇನೆ. ಬೆಂಕಿ ಹತ್ತುತ್ತದೆ ಅಂತ ಗೊತ್ತು, ಯಾಕೆ ಅಂತ ಹೇಳಲು ಬಾಯಿ ಬರಲಿಲ್ಲ. “ಇಲ್ಲಮ್ಮ, ಹತ್ತುತ್ತೆ” ಅಂದೆ. “ಹಾಗಾದರೆ ಮಿಸ್ ಹೇಳಿದ್ದು ತಪ್ಪಾ?” ಅಂತ ಕೇಳಿದಳು. ಅಷ್ಟರಲ್ಲಿ ಮುಂದಿನ ಗಾಡಿಗಳು ಕದಲಿದವು, ಬಚಾವಾದೆ.

ಮನೆಗೆ ಬಂದು ಅವಳ ನೋಟ್‌ಬುಕ್ ನೋಡಿದೆ. ಇನ್, ಇಮ್, ಇಲ್, ಇರ್ ನಾಲ್ಕಕ್ಕೂ ‘ಅಪೋಸಿಟ್’ ಅಂತ ಬರೆಸಿದ್ದಾರೆ. ಯಾವುದು ಎಲ್ಲಿ ಬರುತ್ತದೆ ಅನ್ನುವುದಕ್ಕೆ ಕಾರಣ ಇಲ್ಲ, ಸುಮ್ನೆ ಬಾಯಿಪಾಠ. ಪದದ ಕೊನೆಯ ‘ಏಬಲ್’, ‘ಇಬಲ್’ ಕೂಡ ಹಾಗೆಯೇ. ಇದಕ್ಕೆಲ್ಲ ಒಂದು ಲೆಕ್ಕಾಚಾರ ಇದೆಯಾ, ಅಥವಾ ಉರು ಹೊಡೆಯುವುದೇ ಗತಿಯಾ? ಇನ್ನೊಂದು, ಇವೆಲ್ಲ ಲ್ಯಾಟಿನ್ ಅಂತಾರೆ, ರೋಮ್‌ನವರ ಭಾಷೆ ಇಂಗ್ಲಿಷಿನ ಒಳಗೆ ಇಷ್ಟೊಂದು ಹೇಗೆ ಸೇರಿಕೊಂಡಿತು?

ಹಳೇ ಮೇಷ್ಟ್ರು:

ಮಿಸ್ ಹೇಳಿದ್ದು ತಪ್ಪಲ್ಲ, ಅರ್ಧ ಹೇಳಿದ್ದಾರೆ ಅಷ್ಟೆ. ಲ್ಯಾಟಿನ್‌ನಲ್ಲಿ ‘ಇನ್’ ಎರಡಿವೆ. ನೋಡಲು ಒಂದೇ ಥರ, ಹುಟ್ಟು ಬೇರೆ ಬೇರೆ.

ಒಂದು ‘ಅಲ್ಲ’ ಅನ್ನುವ ಇನ್. ಇನ್‌ವಿಸಿಬಲ್, ಇನ್‌ಕರೆಕ್ಟ್ ಇವುಗಳದ್ದು. ಇನ್ನೊಂದು ‘ಒಳಗೆ, ಒಳಕ್ಕೆ’ ಅನ್ನುವ ಇನ್. ಇಂಪೋರ್ಟ್ ಅಂದರೆ ಒಳಕ್ಕೆ ಹೊತ್ತು ತರುವುದು. ಇಂಜೆಕ್ಷನ್ ಅಂದರೆ ಒಳಕ್ಕೆ ಎಸೆಯುವುದು (ಕೆಲವು ನರ್ಸ್‌ಗಳು ಚುಚ್ಚುವ ರೀತಿ ನೋಡಿದರೆ ಹೆಸರು ಸರಿಯಾಗಿಯೇ ಇದೆ). ಟ್ಯಾಂಕರ್ ಮೇಲಿರುವುದು ಈ ಎರಡನೆಯದು. ‘ಫ್ಲಮ್ಮ’ ಅಂದರೆ ಲ್ಯಾಟಿನ್‌ನಲ್ಲಿ ಜ್ವಾಲೆ. ‘ಇನ್‌ಫ್ಲಮಾರೆ’ ಅಂದರೆ ಉರಿ ಹೊತ್ತಿಸು. ಅದಕ್ಕೆ ‘ಏಬಲ್’ ಸೇರಿ ಇನ್‌ಫ್ಲೇಮಬಲ್, ಅಂದರೆ ಉರಿ ಹೊತ್ತಿಸಬಹುದಾದದ್ದು. ಗಾಯ ಕೆಂಪಾಗಿ ಉರಿಯುವುದಕ್ಕೆ ಡಾಕ್ಟರು ಇನ್‌ಫ್ಲಮೇಷನ್ ಅನ್ನುವುದೂ ಇದೇ ಪದದಿಂದ, ಕನ್ನಡದ ‘ಉರಿಯೂತ’ದಲ್ಲೂ ಉರಿ ಇದೆ ನೋಡಿ.

ನಿಮ್ಮ ಮಗಳಿಗೆ ಬಂದ ಅನುಮಾನ ದೊಡ್ಡವರಿಗೂ ಬಂದಿದೆ. ಯಾರೋ ತಪ್ಪು ತಿಳಿದು ಬೀಡಿ ಹಚ್ಚಿದರೆ ಗತಿಯೇನು? ಅದಕ್ಕೇ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿ ‘ಇನ್‌ಫ್ಲೇಮಬಲ್ ಬಿಡಿ, ಫ್ಲೇಮಬಲ್ ಅಂತ ಬರೆಯಿರಿ’ ಅಂತ ಒತ್ತಾಯ ಶುರುಮಾಡಿತು. ಫ್ಲೇಮಬಲ್ ಅನ್ನುವ ಪದ 19ನೇ ಶತಮಾನದಿಂದಲೇ ಇತ್ತು, ಬಳಸುವವರು ಕಡಿಮೆ ಇದ್ದರು. ಈಗ ಎರಡಕ್ಕೂ ಒಂದೇ ಅರ್ಥ. ಹತ್ತಿಕೊಳ್ಳದ್ದಕ್ಕೆ ನಾನ್-ಫ್ಲೇಮಬಲ್ ಅನ್ನಬೇಕು.

ಇದೇ ಜಾತಿಯ ಇನ್ನೊಂದು ಪದ ಇನ್‌ಹ್ಯಾಬಿಟಬಲ್. ಇಂಗ್ಲಿಷಿನಲ್ಲಿ ಅದು ‘ವಾಸ ಮಾಡಬಹುದಾದ’. ಅದೇ ಅಕ್ಷರಗಳಲ್ಲಿ ಬರೆಯುವ ಫ್ರೆಂಚ್ ಪದಕ್ಕೆ ಅರ್ಥ ‘ವಾಸಕ್ಕೆ ಆಗದ’. ಪ್ಯಾರಿಸ್‌ನಲ್ಲಿ ಮನೆ ಹುಡುಕುವವರು ಹುಷಾರು.

ಇನ್ನು ಇನ್‌ವ್ಯಾಲ್ಯುಬಲ್. ಇದರಲ್ಲಿ ಇರುವುದು ‘ಅಲ್ಲ’ದ ಇನ್, ಆದರೂ ಅರ್ಥ ‘ಬೆಲೆ ಇಲ್ಲದ್ದು’ ಅಲ್ಲ, ‘ಬೆಲೆ ಕಟ್ಟಲು ಆಗದ್ದು’. ಮಗಳಿಗೆ ಹೇಳುವಾಗ ‘ಅಮೂಲ್ಯ’ ಅನ್ನುವ ಪದ ಬಿಡಿಸಿ ತೋರಿಸಿ. ಅ ಅಂದರೆ ಇಲ್ಲ, ಮೂಲ್ಯ ಅಂದರೆ ಬೆಲೆ. ಆದರೂ ಅಮೂಲ್ಯ ಅಂದರೆ ಬೆಲೆಯಿಲ್ಲದ ಕಸ ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ?

ಗೋಡೌನ್ ಮಂಜ:

ನಾನು ಕೆಮಿಕಲ್ ಗೋಡೌನ್‌ನಲ್ಲಿ ಇದ್ದೇನೆ. ನಮ್ಮಲ್ಲಿ ಡ್ರಮ್ ಮೇಲಿನ ಕೆಂಪು ಲೇಬಲ್‌ನಲ್ಲಿ ಈಗ ‘ಫ್ಲೇಮಬಲ್ ಲಿಕ್ವಿಡ್’ ಅಂತಲೇ ಇರುತ್ತದೆ. ಹಳೇ ಬೋರ್ಡ್‌ಗಳಲ್ಲಿ ಮಾತ್ರ ಇನ್‌ಫ್ಲೇಮಬಲ್. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನವೇ ಎರಡೂ ಒಂದೇ ಅಂತ ಹೇಳಿಬಿಡುತ್ತೇವೆ. ವ್ಯಾಕರಣ ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ, ಥ್ಯಾಂಕ್ಸ್.

ಪ್ರೂಫ್ ಲಕ್ಷ್ಮಿ:

ಅಪ್ಪ ಅವರೇ, ಇಮ್-ಇಲ್-ಇರ್ ವಿಷಯ ಕನ್ನಡ ಓದಿದ ಮಕ್ಕಳಿಗೆ ಬಹಳ ಸುಲಭ, ಯಾಕೋ ಯಾರೂ ಹೇಳಿಕೊಡುವುದಿಲ್ಲ. ಮಗಳನ್ನು ಕನ್ನಡಿ ಮುಂದೆ ನಿಲ್ಲಿಸಿ. ‘ಸಂಪಿಗೆ’ ಅನ್ನಿಸಿ. ಆಮೇಲೆ ‘ಸಂತೆ’ ಅನ್ನಿಸಿ. ಆಮೇಲೆ ‘ಸಂಕ್ರಾಂತಿ’. ಬರೆಯುವುದು ಮೂರಕ್ಕೂ ಅದೇ ಸೊನ್ನೆ. ಆದರೆ ಸಂಪಿಗೆ ಅನ್ನುವಾಗ ಮುಂದೆ ಪಕಾರ ಇರುವುದರಿಂದ ತುಟಿ ಮೊದಲೇ ಮುಚ್ಚಿಕೊಳ್ಳುತ್ತದೆ. ಸಂತೆಯಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ. ಸಂಕ್ರಾಂತಿಯಲ್ಲಿ ಸದ್ದು ಗಂಟಲ ಹತ್ತಿರ ಹೋಗುತ್ತದೆ. ಮುಂದೆ ಬರುವ ಅಕ್ಷರಕ್ಕೆ ಬಾಯಿ ಮೊದಲೇ ತಯಾರಾಗುತ್ತದೆ, ಅಷ್ಟೇ ಕಥೆ.

ರೋಮ್‌ನವರ ಬಾಯಿಯೂ ನಮ್ಮ ಬಾಯಿಯ ಥರವೇ ಇತ್ತು. ಇನ್ + ಪಾಸಿಬಲ್ ಅನ್ನಲು ಹೋದರೆ ತುಟಿ ಮುಚ್ಚಿ ಇಂಪಾಸಿಬಲ್ ಆಯಿತು. ನಾವು ಸೊನ್ನೆಯ ಒಳಗೆ ಮುಚ್ಚಿಡುವುದನ್ನು ಅವರು ಅಕ್ಷರ ಬದಲಿಸಿಯೇ ಬರೆದರು. ಇನ್ + ಲೀಗಲ್ ಅನ್ನುವುದು ಇಲ್ಲೀಗಲ್ ಆಗಿದ್ದು ಥೇಟ್ ನಮ್ಮ ತತ್ + ಲೀನ ತಲ್ಲೀನ ಆದ ಹಾಗೆ. ಸತ್ + ಜನ ಸಜ್ಜನ ಆಗಲಿಲ್ಲವೇ? ಸಂಧಿ ಅಂತ ಒಂದು ಪದ ಹೇಳಿದರೆ ನೋಟ್‌ಬುಕ್‌ನ ಆ ಪುಟ ಪೂರ್ತಿ ಮುಗಿಯುತ್ತದೆ.

ನನಗೆ ಇದು ಹೊಟ್ಟೆಪಾಡಿನ ವಿಷಯವೂ ಹೌದು. ಇಂಗ್ಲಿಷಿನಲ್ಲಿ ಯಾವ ಅಕ್ಷರ ಎರಡು ಸಲ ಬರುತ್ತದೆ ಅನ್ನುವ ಗೋಳು ಎಲ್ಲರಿಗೂ ಇದೆ. ಅದರಲ್ಲಿ ಜಾಸ್ತಿ ಪಾಲು ಈ ಸಂಧಿಯಿಂದಲೇ ಬಂದಿದ್ದು. ‘ಅಡ್’ ಅಂದರೆ ಕಡೆಗೆ. ಅದು ಟ್ರ್ಯಾಕ್ಟ್ ಜೊತೆ ಸೇರಿದಾಗ ಅದರ ಡಿ ಹೋಗಿ ಟಿ ಆಗುತ್ತದೆ, ಹಾಗಾಗಿ ಅಟ್ರ್ಯಾಕ್ಟ್‌ಗೆ ಎರಡು ಟಿ. ಟ್ರ್ಯಾಕ್ಟ್ ಅಂದರೆ ಎಳೆ, ಗದ್ದೆಯ ಟ್ರ್ಯಾಕ್ಟರ್‌ನಲ್ಲಿರುವುದೂ ಅದೇ. ಕಳೆಯುವ ಲೆಕ್ಕದ ಸಬ್‌ಟ್ರ್ಯಾಕ್ಟ್ ಅಂದರೆ ಅಡಿಯಿಂದ ಎಳೆದು ತೆಗೆ. ಅರೈವ್‌ಗೆ ಎರಡು ಆರ್ ಯಾಕೆ ಅಂದರೆ ಅಡ್ + ರೀಪ. ರೀಪ ಅಂದರೆ ದಡ. ಮೊದಲಿಗೆ ಅರೈವ್ ಆಗುವುದು ಅಂದರೆ ದೋಣಿ ದಡ ಮುಟ್ಟುವುದು. ಈಗ ಮೆಜೆಸ್ಟಿಕ್‌ಗೂ ಅರೈವ್ ಆಗುತ್ತೇವೆ.

ಬೆಂಗಳೂರಿನ ಪಿ.ಜಿ. ಬೋರ್ಡ್‌ಗಳಲ್ಲಿ ಅಕಾಮೊಡೇಷನ್ ಸ್ಪೆಲ್ಲಿಂಗ್ ಸರಿಯಾಗಿ ಬರೆದಿದ್ದು ಕಂಡರೆ ನನಗೆ ಆ ಮನೆಯಲ್ಲೇ ಬಾಡಿಗೆಗೆ ಇರೋಣ ಅನಿಸುತ್ತದೆ. ಅಡ್ + ಕಾಮ್ + ಮೋಡುಸ್. ಮೊದಲನೇ ಸಂಧಿಯಲ್ಲಿ ಎರಡು ಸಿ, ಎರಡನೆಯದರಲ್ಲಿ ಎರಡು ಎಮ್. ರೆಕಮೆಂಡ್‌ನಲ್ಲಿ ಇರುವುದು ರೀ + ಕಮೆಂಡ್. ಅಲ್ಲಿ ಅಡ್ ಇಲ್ಲ, ಆದ್ದರಿಂದ ಸಿ ಒಂದೇ, ಎಮ್ ಎರಡು. ಇದು ತಿಳಿದ ಮೇಲೆ ನಾನು ಈ ಎರಡು ಪದಕ್ಕೆ ಡಿಕ್ಷನರಿ ತೆಗೆದಿಲ್ಲ.

ಗೋಡೌನ್ ಮಂಜ:

ಮೇಡಂ, ಹಾಗಾದರೆ ಅನ್‌ಲಕ್ಕಿ ಯಾಕೆ ‘ಅಲ್ಲಕ್ಕಿ’ ಆಗಲಿಲ್ಲ? 😀

ಪ್ರೂಫ್ ಲಕ್ಷ್ಮಿ:

ಒಳ್ಳೇ ಪ್ರಶ್ನೆ ಮಂಜಣ್ಣ. ‘ಅನ್’ ಲ್ಯಾಟಿನ್‌ದಲ್ಲ, ಇಂಗ್ಲಿಷಿನ ಮನೆಮಗ. ಲ್ಯಾಟಿನ್ ಸಂಧಿ ಅದಕ್ಕೆ ತಾಗುವುದಿಲ್ಲ. ಅನ್‌ರಿಯಲ್, ಅನ್‌ಪೇಯ್ಡ್ ಎಲ್ಲ ಹಾಗೇ ಉಳಿಯುತ್ತವೆ. ತಮಾಷೆ ಏನೆಂದರೆ ಎರಡೂ ಒಂದೇ ಸಂಸಾರದಲ್ಲಿ ಹೊಂದಾಣಿಕೆ ಮಾಡಿಕೊಂಡಿವೆ. ಅನ್‌ಏಬಲ್ ಅನ್ನುತ್ತಾರೆ, ಆದರೆ ನಾಮಪದ ಇನ್‌ಎಬಿಲಿಟಿ. ಅನ್‌ಜಸ್ಟ್, ಆದರೆ ಇನ್‌ಜಸ್ಟೀಸ್. ಇಲ್ಲಿ ಮಾತ್ರ ಬಾಯಿಪಾಠವೇ ಗತಿ.

ಫಾರ್ವರ್ಡ್ ಗುರು:

ಇಷ್ಟೆಲ್ಲ ಯಾಕೆ ಸ್ವಾಮಿ? ಲ್ಯಾಟಿನ್ ಕೂಡ ಸಂಸ್ಕೃತದಿಂದಲೇ ಹುಟ್ಟಿದ್ದು. ಇಂಟರ್ ಅಂದರೆ ಅಂತರ, ಸೂಪರ್ ಅಂದರೆ ಉಪರಿ, ಪ್ರೋ ಅಂದರೆ ಪ್ರ. ಎಲ್ಲ ನಮ್ಮಿಂದ ಕದ್ದಿದ್ದು. ಇನ್ನೊಂದು ಗೊತ್ತಾ, ಸಿನ್ಸಿಯರ್ ಅಂದರೆ ‘ಮೇಣ ಇಲ್ಲದ್ದು’. ರೋಮ್‌ನ ಶಿಲ್ಪಿಗಳು ಒಡೆದ ಕಲ್ಲಿಗೆ ಮೇಣ ತುಂಬಿ ಮೋಸ ಮಾಡುತ್ತಿದ್ದರು, ಪ್ರಾಮಾಣಿಕರು ‘ಸಿನೆ ಸೇರ’, ಅಂದರೆ ಮೇಣ ಇಲ್ಲ, ಅಂತ ಬರೆದು ಮಾರುತ್ತಿದ್ದರು. ನಮ್ಮ ಗ್ರೂಪ್‌ನಲ್ಲಿ ಬಂದಿತ್ತು.

ಹಳೇ ಮೇಷ್ಟ್ರು:

ಗುರುಗಳೇ, ಮೇಣದ ಕಥೆ ನಾನೂ ಮೂವತ್ತು ವರ್ಷ ಕ್ಲಾಸಿನಲ್ಲಿ ಹೇಳಿದ್ದೇನೆ, ಆಮೇಲೆ ನಾಚಿಕೆಪಟ್ಟಿದ್ದೇನೆ. ಅದು ಕಟ್ಟುಕಥೆ. ‘ಸಿನ್ಸೇರುಸ್’ ಅಂತ ಲ್ಯಾಟಿನ್‌ನಲ್ಲೇ ಒಂದು ಪದ ಇದೆ, ಬೆರಕೆ ಇಲ್ಲದ್ದು, ಶುದ್ಧ ಅಂತ ಅರ್ಥ. ಅಲ್ಲಿ ಮೇಣವೂ ಇಲ್ಲ, ಶಿಲ್ಪಿಯೂ ಇಲ್ಲ. ‘ಸಿನೆ’ ನಿಜವಾಗಿ ಇರುವ ಪದ ಬೇಕಿದ್ದರೆ ಸಿನೆಕ್ಯೂರ್ ತೆಗೆದುಕೊಳ್ಳಿ. ಸಿನೆ ಅಂದರೆ ಇಲ್ಲದೆ, ಕೂರ ಅಂದರೆ ಚಿಂತೆ, ಹೊಣೆ. ಕೆಲಸ ಇಲ್ಲದೆ ಸಂಬಳ ಬರುವ ಹುದ್ದೆ. ಅಂಥವು ಎಲ್ಲಿವೆ ಅಂತ ಇಲ್ಲಿ ಬರೆಯುವುದು ಬೇಡ.

ಇನ್ನು ಸಂಸ್ಕೃತದ ಮಾತು. ನೀವು ಕೊಟ್ಟ ಮೂರು ಜೋಡಿಯೂ ಸರಿ, ತೀರ್ಮಾನ ಮಾತ್ರ ತಪ್ಪು. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಹೇಳಿದ್ದು ಇದೇ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರರ ಹೋಲಿಕೆ ಆಕಸ್ಮಿಕ ಅಲ್ಲ, ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಉಳಿದಿಲ್ಲದೆ ಇರಬಹುದು. ಅಂದರೆ ತಾಯಿ-ಮಗಳಲ್ಲ, ಅಕ್ಕ-ತಂಗಿಯರು. ಅಕ್ಕನ ಮುಖ ತಂಗಿಯನ್ನು ಹೋಲಿದರೆ ಕಳ್ಳತನ ಅಂತ ಯಾರು ಹೇಳುತ್ತಾರೆ?

ಆ ಹೋಲಿಕೆ ನಮಗೆ ಉಪಯೋಗಕ್ಕೆ ಬರುತ್ತದೆ. ಸಂಸ್ಕೃತದ ‘ಅ’, ಸ್ವರದ ಮುಂದೆ ‘ಅನ್’ ಆಗುವುದು (ಅಸಾಧ್ಯ, ಆದರೆ ಅನಂತ), ಲ್ಯಾಟಿನ್‌ನ ‘ಅಲ್ಲ’ದ ಇನ್, ಇಂಗ್ಲಿಷಿನ ಅನ್, ಮೂರೂ ನೆಂಟರು. ಮಂಜನ ಅನ್‌ಲಕ್ಕಿಯೂ ನಮ್ಮ ಅನಂತನೂ ದೂರದ ಸಂಬಂಧಿಕರು. ಇಂಟರ್‌ನೆಟ್‌ಗೆ ‘ಅಂತರ್ಜಾಲ’ ಅಂತ ಕನ್ನಡ ಮಾಡಿದಾಗ ಇಂಟರ್ ಜಾಗಕ್ಕೆ ಬಂದು ಕೂತಿದ್ದು ಅದರ ಸ್ವಂತ ಬಂಧುವೇ.

ಫೇರ್ ಅನ್ನುವ ಲ್ಯಾಟಿನ್ ಧಾತು ನೋಡಿ. ಪ್ರಿಫರ್, ರೆಫರ್, ಟ್ರಾನ್ಸ್‌ಫರ್, ಸಫರ್ ಎಲ್ಲದರ ಬಾಲ ಅದು. ಅರ್ಥ ‘ಹೊರು’. ಸಂಸ್ಕೃತದಲ್ಲಿ ಅದರ ಬಂಧು ‘ಭೃ’, ಅದರಿಂದ ಭಾರ, ಭರಿಸು. ಸಫರ್ ಅಂದರೆ ಸಬ್ + ಫೇರ್, ಅಡಿಯಲ್ಲಿ ನಿಂತು ಭಾರ ಹೊರುವುದು. ಟ್ರಾನ್ಸ್‌ಫರ್ ಅಂದರೆ ಆಚೆ ದಡಕ್ಕೆ ಹೊತ್ತು ಹಾಕುವುದು. ಸರ್ಕಾರಿ ನೌಕರರಿಗೆ ಇವೆರಡೂ ಒಟ್ಟಿಗೇ ಆಗುತ್ತವೆ. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಅಂತ ಒಂದೇ ಧಾತುವಿನ ಮುಂದೆ ಉಪಸರ್ಗ ಬದಲಿಸುತ್ತಾ ಹೋಗುವುದನ್ನು ಕನ್ನಡ ಪಂಡಿತರು ಹೇಳಿಕೊಟ್ಟಿರುತ್ತಾರೆ. ಊಟಕ್ಕೂ ಕೊಲೆಗೂ ಅಲ್ಲಿ ಧಾತು ಒಂದೇ. ಲ್ಯಾಟಿನ್ ಕೂಡ ಅದೇ ಕೆಲಸ ಮಾಡಿದೆ. ಜೆಕ್ಟ್ ಅಂದರೆ ಎಸೆ. ರಿಜೆಕ್ಟ್ ಅಂದರೆ ವಾಪಸ್ ಎಸೆ, ಪ್ರಾಜೆಕ್ಟ್ ಮುಂದಕ್ಕೆ ಎಸೆ, ಸಬ್ಜೆಕ್ಟ್ ಅಡಿಗೆ ಎಸೆ. ಬಿಡಿಸಿದರೆ ಅರ್ಥ ಸೀದಾ ಸಿಗುವುದಿಲ್ಲ, ಒಂದು ಸುಳಿವು ಸಿಗುತ್ತದೆ. ಇಲ್ಲೇ ಮಕ್ಕಳು ಎಡವುವುದು. ಸುಳಿವನ್ನೇ ಉತ್ತರ ಅಂತ ಬರೆದುಬಿಡುತ್ತಾರೆ.

ಒಂದು ಮಾತು ಮರೆಯಬೇಡಿ. ‘ನಮ್ಮಿಂದ’ ಅಂದಿರಲ್ಲ, ಕನ್ನಡ ಆ ಅಕ್ಕ-ತಂಗಿಯರ ಮನೆಯದೇ ಅಲ್ಲ, ದ್ರಾವಿಡ ಮನೆಯದು. ಶತ ಅನ್ನುವುದು ಸಂಸ್ಕೃತ, ಸೆಂಚುರಿಯ ಸೆಂಟುಮ್ ಅದರ ತಂಗಿ. ನಮ್ಮದು ‘ನೂರು’. ಅಚ್ಚಗನ್ನಡದಲ್ಲಿ ಉಪಸರ್ಗ ಇಲ್ಲವೇ ಇಲ್ಲ, ನಾವು ಎಲ್ಲವನ್ನೂ ಪದದ ಹಿಂದೆಯೇ ಅಂಟಿಸುವವರು. ‘ಮರೆಯಲಾಗದ’ದಲ್ಲಿ ‘ಇಲ್ಲ’ ಎಲ್ಲಿದೆ ನೋಡಿ, ಕೊನೆಯಲ್ಲಿ.

ದರಖಾಸ್ತು:

ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ ಯಾರೂ ಬರಲಿಲ್ಲ. ಲ್ಯಾಟಿನ್ ಇಂಗ್ಲಿಷಿಗೆ ಬಂದಿದ್ದು ಮುಖ್ಯವಾಗಿ ಎರಡು ದಾರಿಯಲ್ಲಿ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಅವರ ಮಾತು ಫ್ರೆಂಚ್, ಅಂದರೆ ಸವೆದ ಲ್ಯಾಟಿನ್. ಕೋರ್ಟು, ಕಂದಾಯ, ಅರಮನೆ ಎಲ್ಲ ಆ ಮಾತಿನಲ್ಲೇ ನಡೆಯಿತು. ನಾನು ಕಂದಾಯ ಇಲಾಖೆಯಲ್ಲಿ ಇದ್ದವನು, ನನಗೆ ಇದು ಹೊಸದಾಗಿ ಕಾಣುವುದಿಲ್ಲ. ತಹಶೀಲ್ದಾರ್, ಜಮಾಬಂದಿ, ದರಖಾಸ್ತು ಎಲ್ಲ ಪಾರಸಿ ಆಡಳಿತ ಬಿಟ್ಟುಹೋದವು. ಆಳಿದವರು ಹೋದರೂ ಫೈಲು ಉಳಿಯುತ್ತದೆ. ಎರಡನೇ ಅಲೆ 16-17ನೇ ಶತಮಾನದ್ದು. ಓದಿದವರು ಪುಸ್ತಕದಿಂದ ನೇರವಾಗಿ ಲ್ಯಾಟಿನ್ ಪದ ಎತ್ತಿಕೊಂಡು ಬಂದರು.

ಅದಕ್ಕೇ ಒಂದೇ ಪದ ಎರಡು ವೇಷದಲ್ಲಿದೆ. ‘ಸೆಕ್ಯೂರ್’ ನೇರ ಲ್ಯಾಟಿನ್, ‘ಶ್ಯೂರ್’ ಅದೇ ಪದ ಫ್ರೆಂಚ್ ಬಾಯಲ್ಲಿ ಸವೆದು ಬಂದದ್ದು. ಫ್ರಜೈಲ್ ಮತ್ತು ಫ್ರೇಲ್ ಕೂಡ ಹಾಗೆಯೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ತತ್ಸಮ, ಒಂದು ತದ್ಭವ. ಆಕಾಶ-ಆಗಸ, ಶ್ರೀ-ಸಿರಿ ಇದ್ದ ಹಾಗೆ.

ಆಗಲೂ ಜಗಳ ಆಗಿತ್ತು. ಕೇಂಬ್ರಿಡ್ಜ್‌ನ ಗ್ರೀಕ್ ಪ್ರೊಫೆಸರ್ ಜಾನ್ ಚೀಕ್ ಅನ್ನುವವರು 16ನೇ ಶತಮಾನದಲ್ಲಿ ‘ನಮ್ಮ ಭಾಷೆ ಬೆರಕೆ ಇಲ್ಲದೆ ಇರಲಿ’ ಅಂತ ಹಟ ಹಿಡಿದು, ಬೈಬಲ್ ಅನುವಾದ ಮಾಡುವಾಗ ಸೆಂಚುರಿಯನ್ ಬದಲು ‘ಹಂಡ್ರೆಡರ್’ ಅಂತ ಬರೆದರು. ನೂರಾಳಿನ ಒಡೆಯ ಅಂತ. ನಡೆಯಲಿಲ್ಲ ಪಾಪ. ನಮ್ಮ ಆಂಡಯ್ಯ 13ನೇ ಶತಮಾನದಲ್ಲೇ ಸಂಸ್ಕೃತ ತತ್ಸಮ ಇಲ್ಲದೆ ಇಡೀ ಕಾವ್ಯ ಬರೆದಿದ್ದ ಅಂತ ಚೀಕ್‌ಗೆ ಗೊತ್ತಿದ್ದರೆ ಸಮಾಧಾನ ಆಗುತ್ತಿತ್ತೇನೋ.

ಏಬಲ್-ಇಬಲ್ ಬಗ್ಗೆ: ಲ್ಯಾಟಿನ್ ಕ್ರಿಯಾಪದಗಳಲ್ಲಿ ಗುಂಪುಗಳಿವೆ. ‘ಆರೆ’ ಅಂತ ಮುಗಿಯುವುದಕ್ಕೆ ಏಬಲ್ (ಪೋರ್ಟಾರೆ, ಪೋರ್ಟಬಲ್), ಉಳಿದವಕ್ಕೆ ಸಾಮಾನ್ಯವಾಗಿ ಇಬಲ್ (ಔಡೀರೆ, ಆಡಿಬಲ್). ಮಗಳಿಗೆ ಅಷ್ಟು ಬೇಡ. ಬಾಲ ಕಿತ್ತ ಮೇಲೆ ಉಳಿದದ್ದು ಪೂರ್ತಿ ಇಂಗ್ಲಿಷ್ ಪದ ಆದರೆ ಹೆಚ್ಚಾಗಿ ಏಬಲ್: ರೀಡ್, ಡ್ರಿಂಕ್, ಕಂಫರ್ಟ್. ತುಂಡು ಉಳಿದರೆ ಹೆಚ್ಚಾಗಿ ಇಬಲ್: ವಿಸ್, ಆಡ್, ಪಾಸ್. ಫ್ಲೆಕ್ಸಿಬಲ್, ಸೆನ್ಸಿಬಲ್ ಥರ ಮಾತು ಕೇಳದವೂ ಇವೆ.

ರೀಡ್, ಡ್ರಿಂಕ್ ಎರಡೂ ಅಪ್ಪಟ ಇಂಗ್ಲಿಷ್ ಪದ, ಬಾಲ ಮಾತ್ರ ಲ್ಯಾಟಿನ್. ಇದಕ್ಕೆ ಆಶ್ಚರ್ಯ ಪಡುವವರು ‘ಪಾಲುದಾರ’ ನೋಡಲಿ. ಪಾಲು ನಮ್ಮದು, ದಾರ ಪಾರಸಿ. ಗುತ್ತಿಗೆದಾರ, ಹೂಡಿಕೆದಾರ ಎಲ್ಲ ಅದೇ ಅಂಗಡಿಯ ಮಾಲು. ಪ್ರತ್ಯಯ ಒಮ್ಮೆ ಊರೊಳಗೆ ಬಂದರೆ ಊರಿನವರನ್ನೇ ಮದುವೆ ಆಗುತ್ತದೆ.

ಸ್ಟ್ಯಾಂಡಪ್ ಸುಮಾ:

ನಮ್ಮ ಆಫೀಸಿನಲ್ಲಿ ಮೀಟಿಂಗ್ ‘ಪ್ರೀಪೋನ್’ ಆಗಿದೆ ಅಂತ ಮೇಲ್ ಹಾಕಿದ್ದಕ್ಕೆ ಲಂಡನ್ ಟೀಮ್‌ನವನು ‘ಇಂಥ ಪದವೇ ಇಲ್ಲ’ ಅಂತ ನಕ್ಕ. ಪೋಸ್ಟ್ ಅಂದರೆ ಆಮೇಲೆ, ಪೋನೆರೆ ಅಂದರೆ ಇಡು, ಪೋಸ್ಟ್‌ಪೋನ್ ಅಂದರೆ ಆಮೇಲಕ್ಕೆ ಇಡು. ಹಾಗಿದ್ದರೆ ಪ್ರೀ ಹಾಕಿ ಮುಂಚೆ ಇಡು ಅಂದರೆ ಏನು ತಪ್ಪು? ಲ್ಯಾಟಿನ್ ಲೆಕ್ಕದಲ್ಲಿ ನಾವೇ ಸರಿ ಅಲ್ವಾ?

ಹಳೇ ಮೇಷ್ಟ್ರು:

ಲೆಕ್ಕ ಸರಿಯಾಗಿದೆ ಸುಮಾ. ಅವರಿಗೆ ಹೇಳಿ, 1913ರಲ್ಲೇ ನ್ಯೂಯಾರ್ಕ್ ಟೈಮ್ಸ್‌ಗೆ ಬಂದ ಒಂದು ಓದುಗರ ಪತ್ರದಲ್ಲಿ ಪೋಸ್ಟ್‌ಪೋನ್‌ಗೆ ಜೋಡಿಯಾಗಿ ಪ್ರೀಪೋನ್ ಬೇಕು ಅಂತ ಬರೆದಿದ್ದರು. ಅಲ್ಲಿ ಬೇರು ಬಿಡಲಿಲ್ಲ, ಇಲ್ಲಿ ಬಿಟ್ಟಿತು. ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಇದೆ. ಆದರೂ ಲಂಡನ್‌ಗೆ ಮೇಲ್ ಹಾಕುವಾಗ ಬೇರೆ ಮಾತು ಬಳಸುವುದು ಒಳ್ಳೇದು. ನಗಿಸುವುದು ನಿಮ್ಮ ಕೆಲಸ ಅಲ್ಲವಲ್ಲ.

ಕಂಡಕ್ಟರ್ ಮಗ:

ತಡವಾಗಿ ಬಂದೆ. ನಮ್ಮ ಅಪ್ಪ ಕಂಡಕ್ಟರ್ ಆಗಿದ್ದರು. ಆ ಪದದಲ್ಲಿ ಕಾಮ್ ಅಂದರೆ ಕೂಡಿ, ಡೂಕೆರೆ ಅಂದರೆ ಕರೆದೊಯ್ಯು, ಕೊನೆಯ ‘ಓರ್’ ಅಂದರೆ ಮಾಡುವವನು. ಎಲ್ಲರನ್ನೂ ಕೂಡಿಸಿ ಕರೆದೊಯ್ಯುವವನು. ರಶ್ ಇದ್ದಾಗ ‘ಮುಂದೆ ಹೋಗಿ, ಮುಂದೆ ಹೋಗಿ’ ಅನ್ನುವುದು ಇದೇ ಅರ್ಥದಲ್ಲಿ ಅಂತ ಅಪ್ಪನಿಗೆ ಹೇಳಿದೆ, ನಕ್ಕರು.

ನನಗೆ ಜಾಸ್ತಿ ಇಷ್ಟವಾದದ್ದು ಬಸ್. 1826ರ ಸುಮಾರಿಗೆ ಫ್ರಾನ್ಸಿನ ನಾಂಟ್ ಊರಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆ ಗಾಡಿ ಶುರುವಾಯಿತು, 1829ರಲ್ಲಿ ಜಾರ್ಜ್ ಶಿಲ್ಲಿಬಿಯರ್ ಅನ್ನುವವನು ಅದನ್ನು ಲಂಡನ್ನಿಗೂ ತಂದ. ಹೆಸರು ‘ಓಮ್ನಿಬಸ್’. ಲ್ಯಾಟಿನ್‌ನಲ್ಲಿ ಓಮ್ನಿ ಅಂದರೆ ಎಲ್ಲ. ಬಸ್ ಅಂದರೆ? ಏನೂ ಇಲ್ಲ! ಅದು ಬರೀ ವಿಭಕ್ತಿ ಪ್ರತ್ಯಯ, ಬಹುವಚನದ ಚತುರ್ಥಿ. ಓಮ್ನಿಬಸ್ ಅಂದರೆ ‘ಎಲ್ಲರಿಗೆ’. ಜನ ಉದ್ದ ಆಯಿತು ಅಂತ ಮುಂದಿನದನ್ನು ಕತ್ತರಿಸಿ ಬಾಲ ಉಳಿಸಿಕೊಂಡರು. ಅಂದರೆ ‘ಎಲ್ಲರಿಗೆ’ಯಲ್ಲಿ ಎಲ್ಲರೂ ಇಳಿದು ಹೋಗಿ ‘ಇಗೆ’ ಮಾತ್ರ ಸ್ಟ್ಯಾಂಡಿನಲ್ಲಿ ನಿಂತ ಹಾಗೆ.

ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡವರು ‘ರಾಮಾಯ ರಾಮಾಭ್ಯಾಂ ರಾಮೇಭ್ಯಃ’ ಅಂತ ಉರು ಹೊಡೆದಿರುತ್ತೀರಿ. ಆ ಕೊನೆಯ ‘ಭ್ಯಃ’ ಮತ್ತು ಲ್ಯಾಟಿನ್‌ನ ‘ಬಸ್’ ಕೂಡ ಮೇಷ್ಟ್ರು ಹೇಳಿದ ಅಕ್ಕ-ತಂಗಿಯರ ಪೈಕಿ. ಶಬ್ದರೂಪ ಬಾರದೆ ಹೊಡೆತ ತಿಂದ ದಿನಗಳಲ್ಲಿ ಸ್ಕೂಲಿಗೆ ಹೋಗುತ್ತಿದ್ದದ್ದು ಶಬ್ದರೂಪದಲ್ಲೇ ಕೂತು ಅಂತ ಯಾರಿಗೆ ಗೊತ್ತಿತ್ತು.

ಶಿರಾಗೇಟ್ ಅಪ್ಪ:

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟು ಉತ್ತರ ಬರುತ್ತದೆ ಅಂತ ನಿರೀಕ್ಷೆ ಇರಲಿಲ್ಲ. ಲಕ್ಷ್ಮಿ ಮೇಡಂ, ಕನ್ನಡಿ ಮುಂದೆ ಸಂಪಿಗೆ-ಸಂತೆ ಮಾಡಿಸಿದೆ. ಈಗ ಅವಳ ಜೊತೆ ಅವಳಮ್ಮನೂ, ಅಜ್ಜಿಯೂ ನಿಂತು ಹೇಳುತ್ತಿದ್ದಾರೆ. ಮಿಸ್‌ಗೆ ಹೇಳಲು ಹೋಗಬೇಡ ಅಂದಿದ್ದೆ, ಆದರೂ ಅಮೂಲ್ಯದ ಕಥೆ ಹೇಳಿ ಬಂದಿದ್ದಾಳೆ. ಅವರು ಬೇಜಾರು ಮಾಡಿಕೊಳ್ಳದೆ ಬೋರ್ಡ್ ಮೇಲೆ ಬರೆಸಿದರಂತೆ.

ಬಸ್ಸಿನ ವಿಷಯ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮಿನಿಬಸ್ ಅಂದರೆ ಚಿಕ್ಕ ‘ಇಗೆ’ನಾ ಅಪ್ಪ?” ಅಂದಳು. ಕಂಡಕ್ಟರ್ ಮಗ ಅವರೇ, ಇದಕ್ಕೆ ನೀವೇ ಉತ್ತರ ಕೊಡಿ. ಈ ಸಲ ಟ್ರಾಫಿಕ್ ಕೂಡ ಇರಲಿಲ್ಲ, ತಪ್ಪಿಸಿಕೊಳ್ಳಲು.